ಮುಳ್ಳು ಕಾಣುವ ಕಡೆ

ಮೂವತ್ತೊಂದು ವರ್ಷ ತೂಕ-ಅಳತಿ ಖಾತೆದಾಗ
ಮುದ್ರಿ ಹೊಡದಾಂವ ನಾನು.
ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿಯೊಳಗ
ಸೀನಿಕೋಂತ, ಕಣ್ಣೊರಸಿಕೋಂತ
ಕಲ್ಲು ಬೋರಲ ಮಾಡಿ ಹೊಟ್ಟಿಯ ಸೀಸ ನೋಡಿದಾಂವ.
ಸೀಸ ಕೆರೆದವರ ಮಾರಿ ಈಗೂ ನೆನಪೈತಿ.
ಎಲ್ಲಾರೂ ಚೊಲೊ ಮಂದಿ. ಚಾ ತರಿಸಿದವರು.

ಅದಕ್ಕೋ ಏನೋ, ಹುಬ್ಬಳ್ಳಿಯ ದವಾಖಾನಿಯೊಂದರಾಗ
ಸಕ್ಕರಿ ಜಡ್ಡಿನ ಹೊಸ ಗುಳಿಗಿ ಪರೀಕ್ಷಾ ಶುರುವಾದಾಗ
ಕಾವಲು ಸಮಿತಿಗೆ ನನ್ನ ಕರೆದರು,
ಡಾಕ್ಟರಲ್ಲದಾಂವ ಒಬ್ಬ ಬೇಕಿತ್ತಂತ.
ಐದು ಮಂದಿ ನಾವು.
ಗುಳಿಗಿ ಮಾಡಿದವರ ಪೈಕಿ ಅಲ್ಲ, ಕೊಡುವವರ ಪೈಕಿ ಅಲ್ಲ.
ಮೂರನೇ ಮಾಳಿಗಿ, ಚಿಲಕ ಹಾಕಿದ ಕೋಣಿ,
ಹಾಳಿ ಮ್ಯಾಲ ಹೆಸರಿಲ್ಲ, ಬರೇ ನಂಬರು.

ಧಾರವಾಡದ ಲೆಕ್ಕದ ಮಾಸ್ತರು ಹಂಪಿಹೊಳಿಯವರು
ಕನ್ನಡಕ ತಗದು ಹೇಳಿದರು:
ಒಂದು ಗುಂಪಿನ್ಯಾಗ ಕಾಲು ಬಾತವರು ಒಂಬತ್ತು,
ಇನ್ನೊಂದರಾಗ ಎರಡು.
ಯಾರೂ ಉಪ್ಪಿಟ್ಟಿಗೆ ಕೈ ಹಚ್ಚಲಿಲ್ಲ.
ಲಕೋಟಿ ಒಡೆದೆವು.
ಒಳಗ ಕಂಡದ್ದು ಈ ಪದ್ಯದಾಗೂ ಹೇಳಾಂಗಿಲ್ಲ.
ತೂಗುವಾಗ ಉಸಿರು ತಾಗಿದರ ತಕ್ಕಡಿ ವಾಲತೈತಿ,
ಅಷ್ಟು ನನಗ ಗೊತ್ತು.
ಬಾತವರ ಗುಳಿಗಿ ನಿಲ್ಲಸ್ರಿ,
ಉಳಿದವರ ರಕ್ತ ವಾರಕ್ಕೊಮ್ಮೆ ನೋಡ್ರಿ ಅಂತ ಬರದು
ಸಹಿ ಹಾಕಿದೆವು.
ಅದರ ಮ್ಯಾಲ ಕೆಂಪು ಶಿಕ್ಕಾ ಬಿತ್ತು: ಗೌಪ್ಯ.

ಕೆಳಗ ಬಾಕಿನ ಮ್ಯಾಲ ಬೆಟಗೇರಿಯ ಮಾಬುಬಿ ನದಾಫ.
ಒಂದು ಕಾಲಾಗ ಚಪ್ಪಲಿ, ಇನ್ನೊಂದು ಕಾಲಿನದು ಕೈಯಾಗ.
ಕಂಕುಳಾಗ ಫೈಲು ಇತ್ತಲ್ಲ,
ನನ್ನ ಕಾರಕೂನ ಅಂತ ತಿಳಕೊಂಡಳು.

"ಅಣ್ಣಾರ, ಸಹಿ ಮಾಡೂಮುಂದ ಮೊಮ್ಮಗಳು ಓದಿ ಹೇಳಿದ್ಲು,
ಸ್ವತಂತ್ರ ಸಮಿತಿಯೊಂದು ನಿಮ್ಮ ಸುರಕ್ಷತೆಯನ್ನು ಗಮನಿಸುತ್ತಿರುತ್ತದೆ ಅಂತ.
ಈಗ ಗುಳಿಗಿ ನಿಲ್ಲಿಸ್ಯಾರ.
ಯಾರು ಹೇಳಿದ್ರು, ಯಾಕ ಹೇಳಿದ್ರು, ಒಬ್ರೂ ಬಾಯಿ ಬಿಡವಲ್ರು.
ಆ ಸಮಿತಿ ಎಲ್ಲಿ ಕೂಡತೈತ್ರಿ?
ಜಗಳಾ ಮಾಡಾಂಗಿಲ್ಲ ನಾ, ಸುಮ್ಮ ನೋಡತೀನಿ.
ಹೊಲಾ ಕಾಯಾಂವ ಅದಾನ ಅಂದರ
ರಾತ್ರಿ ಒಂದು ಕೆಮ್ಮಾದರೂ ಕೇಳಬೇಕಲ್ರಿ?"

ಕಿಸೆದಾಗಿನ ಬಿಲ್ಲೆ ನಾ ಹಿಂದ ಮುಂದ ತಿರುವಿದೆ.
ವಿಚಾರಸ್ತೀನಿ ಅಂದೆ.
ಎಷ್ಟು ಮಂದಿ ಸಾವಕಾರರು ಇದ ಮಾತು ನನಗ ಅಂದಿದ್ದರು.

ಗದಗಿನ ಎಣ್ಣಿ ಅಂಗಡಿ ನೆನಪಾತು.
ತೂಕ ಬರೋಬ್ಬರಿ, ಮುದ್ರಿ ಬರೋಬ್ಬರಿ,
ಆದರ ಪ್ರಮಾಣಪತ್ರ ತಿಜೋರಿಯೊಳಗ,
ತಕ್ಕಡಿ ಮುಳ್ಳು ಅವನ ಹೊಟ್ಟಿ ಕಡೆ.
ದಂಡ ಬರದೆ.
"ಒಂದು ಗುಂಜಿ ಫರಕ ತೋರಸ್ರಿ ಸಾಹೇಬ್ರ!"
ಫರಕ ಇಲ್ಲ.
ಕಾಣಂಗಿಲ್ಲ, ಅದಕ್ಕ ದಂಡ.

ಮುಂದಿನ ಸಭಾದಾಗ ಕೈ ಎತ್ತಿದೆ.
ಲಕೋಟಿ ಲಕೋಟಿಯಾಗೇ ಇರಲಿ.
ನಾವು ಯಾರು, ಯಾರ ರೊಕ್ಕದಾಗ ಬರತೀವಿ,
ಯಾವತ್ತು ಕೂತಿದ್ದೆವು, ಎದ್ದು ಏನು ಅಂದೆವು,
ಅರ್ಧ ಹಾಳಿ, ಕನ್ನಡದಾಗ,
ಕೆಳಗ ಗುಳಿಗಿ ಕೊಡುವ ಕಿಟಕಿ ಬಾಜೂಕ ಹಚ್ಚೂಣು.

ಅಧ್ಯಕ್ಷರು ನಕ್ಕರು. ಒಳ್ಳೆ ನಗು, ಕೆಟ್ಟದ್ದಲ್ಲ.
"ಮಂದಿ ಅಂಜತಾರ" ಅಂದರು.
ಅಂಜಿಕಿ ಕಾಲಿನ್ಯಾಗ ಬಾತು ಕುಂತೈತ್ರಿ, ಅಂದೆ.
ಕಂಪನಿ ವಕೀಲರನ್ನ ಕೇಳಬೇಕು ಅಂತಾತು.
ನನ್ನ ಮಾತು ನಡಾವಳಿಯೊಳಗ ಬರೀರಿ ಅಂದೆ. ಬರದರು.
ಅದರ ಮ್ಯಾಲೂ ಬಿತ್ತು ಕೆಂಪು ಶಿಕ್ಕಾ.

ಇಳಿದು ಬಂದೆ. ಬಾಕಿನ ಮ್ಯಾಲ ಆಕಿನ ಇದ್ದಳು,
ರಕ್ತಾ ಕೊಟ್ಟು, ತೋಳಿಗೆ ಹತ್ತಿ ಒತ್ತಿಕೊಂಡು.
ಮಾತಾಡಲಿಕ್ಕೆ ನನಗ ಪರವಾನಗಿ ಇಲ್ಲ.
ಎದುರಿಗೆ ನಿಂತು ಕೆಮ್ಮಿದೆ,
ಜೋರಾಗಿ, ಎರಡು ಸಲ.

ಆಕಿ ತಲಿ ಎತ್ತಿದಳು.
"ಘಾಟು ಏರಿತೇನ್ರಿ ಅಣ್ಣಾರ?" ಅಂದು
ತನ್ನ ನೀರಿನ ಬಾಟ್ಲಿ ಚಾಚಿದಳು.